ಆಂಪ್ ದೊಡ್ಡದಾದರೆ ಸಾಕೇ, ಕರೆಂಟ್ ಎಲ್ಲಿಂದ?

ಊರಿಗೆ ಹೋದ ಸಾಫ್ಟ್‌ವೇರ್ ಎಂಜಿನಿಯರ್‌ನನ್ನು ಯಾರೂ ಸಾಫ್ಟ್‌ವೇರ್ ಬಗ್ಗೆ ಕೇಳುವುದಿಲ್ಲ. ಹೊಲದ ಮೋಟಾರು ಯಾಕೆ ಟ್ರಿಪ್ ಆಗ್ತದೆ, ಇನ್ವರ್ಟರ್ ಬ್ಯಾಟರಿಗೆ ಯಾವ ನೀರು ಹಾಕಬೇಕು, ಟಿವಿಯಲ್ಲಿ ಚಾನೆಲ್ ಯಾಕೆ ಬರ್ತಿಲ್ಲ, ಇವೇ ಪ್ರಶ್ನೆಗಳು. ಎಂಜಿನಿಯರಿಂಗ್ ಓದಿದವ ಅಂದರೆ ವೈರ್ ಇರುವ ಎಲ್ಲ ವಸ್ತುಗಳಿಗೂ ಜವಾಬ್ದಾರ ಅನ್ನೋದು ನಮ್ಮ ನಾರಾಯಣಪುರದ ಲೆಕ್ಕ. ಈಚೆಗೆ ಆ ಪಟ್ಟಿಗೆ ಗಾಡಿಯ ಸೌಂಡ್ ಸಿಸ್ಟಂ ಸೇರಿದೆ. ಊರಲ್ಲಿ ಮಾತ್ರ ಅಲ್ಲ, ಬೆಂಗಳೂರಿನ ಆಫೀಸ್ ಪಾರ್ಕಿಂಗ್‌ನಲ್ಲೂ ಹೊಸ ಕಾರು ತಗೊಂಡ ಗೆಳೆಯರು ಕೇಳುವ ಎರಡನೇ ಪ್ರಶ್ನೆ ಇದೇ. ಮೊದಲನೆಯದು ಮೈಲೇಜ್.

ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: ‘ಸಾವಿರ ವ್ಯಾಟ್‌ನ ಆಂಪ್ಲಿಫೈಯರ್ ಹಾಕಿಸ್ಬೇಕು, ಯಾವುದು ಒಳ್ಳೇದು?’ ಯಾವ ಕಂಪನಿ ಅಂತ ಕೇಳ್ತಾರೆ, ಎಷ್ಟು ರೂಪಾಯಿ ಅಂತ ಕೇಳ್ತಾರೆ. ಆ ಸಾವಿರ ವ್ಯಾಟ್ ಎಲ್ಲಿಂದ ಬರಬೇಕು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಆಂಪ್ಲಿಫೈಯರ್ ಶಕ್ತಿಯನ್ನು ಹುಟ್ಟಿಸುವ ಯಂತ್ರ ಅಲ್ಲ. ಬ್ಯಾಟರಿ ಕಡೆಯಿಂದ ಬಂದ ಕರೆಂಟನ್ನು ಹಾಡಿನ ಆಕಾರಕ್ಕೆ ತಿರುಗಿಸಿ ಸ್ಪೀಕರಿಗೆ ಕಳಿಸುವುದಷ್ಟೇ ಅದರ ಕೆಲಸ. ಹಾಗೆ ತಿರುಗಿಸುವಾಗ ಒಂದಷ್ಟನ್ನು ಬಿಸಿಯಾಗಿ ಕಳಕೊಳ್ಳುತ್ತದೆ ಕೂಡ.

ಮನೆಯ ಸಾವಿರ ವ್ಯಾಟ್‌ಗೂ ಗಾಡಿಯ ಸಾವಿರ ವ್ಯಾಟ್‌ಗೂ ಎಷ್ಟು ವ್ಯತ್ಯಾಸ ನೋಡಿ. ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಸಾವಿರ ವ್ಯಾಟ್ ಎಳೆಯುತ್ತದೆ. ಮನೆಯ ಕರೆಂಟು 230 ವೋಲ್ಟ್, ಹಾಗಾಗಿ ಅದಕ್ಕೆ ಬೇಕಾಗುವುದು 4 ಆ್ಯಂಪಿಯರ್‌ಗಿಂತ ತುಸು ಹೆಚ್ಚು. ಕಿರುಬೆರಳಿಗಿಂತ ಸಣ್ಣ ವೈರ್ ಸಾಕು. ಗಾಡಿಯಲ್ಲಿ ಇರುವುದು 12 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.4. ವೋಲ್ಟ್ ಕಮ್ಮಿಯಾದಷ್ಟೂ ಅದೇ ವ್ಯಾಟ್‌ಗೆ ಆ್ಯಂಪಿಯರ್ ಜಾಸ್ತಿ ಬೇಕು. ನಿಜವಾಗಿ ಸಾವಿರ ವ್ಯಾಟ್ ಹೊರಹಾಕುವ ಕ್ಲಾಸ್ ಡಿ ಆಂಪ್ಲಿಫೈಯರ್ 80% ದಕ್ಷತೆಯದು ಅಂದುಕೊಂಡರೂ ಒಳಗೆ 1250 ವ್ಯಾಟ್ ಎಳೆಯಬೇಕು. ಅದನ್ನು 13.8ರಿಂದ ಭಾಗಿಸಿದರೆ ಸುಮಾರು 90 ಆ್ಯಂಪಿಯರ್. ಹಳೇ ಪದ್ಧತಿಯ ಕ್ಲಾಸ್ ಎಬಿ ಆದರೆ ಅರ್ಧದ ಹತ್ತಿರ ಬಿಸಿಗೇ ಹೋಗುತ್ತದೆ, ಆಗ 130 ಆ್ಯಂಪಿಯರ್ ಬೇಕು.

(ಅಂಗಡಿಯಲ್ಲಿ ಆಂಪ್ಲಿಫೈಯರಿಗೂ ‘ಆಂಪ್’, ಆ್ಯಂಪಿಯರಿಗೂ ‘ಆಂಪ್’ ಅಂತಾರೆ. ಇಲ್ಲಿ ಆಂಪ್ ಅಂದರೆ ಡಬ್ಬಿ, ಆ್ಯಂಪಿಯರ್ ಅಂದರೆ ಕರೆಂಟು.)

90 ಆ್ಯಂಪಿಯರ್ ಅಂದರೆ ಎಷ್ಟು ಅಂತ ತಿಳಿಯಬೇಕಾದರೆ ಬಾನೆಟ್ ಎತ್ತಿ ಆಲ್ಟರ್ನೇಟರ್ ಮೇಲಿನ ಪಟ್ಟಿ ನೋಡಿ. ನಮ್ಮ ಕಡೆ ಮೆಕ್ಯಾನಿಕ್‌ಗಳು ಅದನ್ನು ಈಗಲೂ ಡೈನಮೋ ಅಂತಲೇ ಕರೀತಾರೆ. ಸಣ್ಣ ಕಾರುಗಳಲ್ಲಿ ಅದರ ಸಾಮರ್ಥ್ಯ ಸಾಮಾನ್ಯವಾಗಿ 60ರಿಂದ 90 ಆ್ಯಂಪಿಯರ್. ಗಾಡಿಯ ಹೆಡ್‌ಲೈಟು, ಬ್ಲೋವರ್, ಡೀಸೆಲ್ ಪಂಪು, ಕಂಪ್ಯೂಟರು, ಬ್ಯಾಟರಿ ಚಾರ್ಜಿಂಗ್ ಎಲ್ಲಾ ನಡೆಯಬೇಕಾದದ್ದು ಅದರಲ್ಲೇ. ಅಂದರೆ ಡಬ್ಬಿ ಮೇಲಿನ ಒಂದು ಸಂಖ್ಯೆ ಇಡೀ ಗಾಡಿಯ ಸಂಪಾದನೆಯನ್ನೇ ಕೇಳುತ್ತಿದೆ.

ನಮ್ಮೂರಿನವರಿಗೆ ಇದನ್ನು ವಿವರಿಸೋದು ಸುಲಭ. ಬಸವಸಾಗರ ಕಣ್ಣೆದುರಿಗೇ ಇದೆ. ಜಲಾಶಯ ಹಿಡಿಯುವುದು 33 ಟಿಎಂಸಿ ಚಿಲ್ಲರೆ, ಗರಿಷ್ಠ ಮಟ್ಟ 492.25 ಮೀಟರ್. ಅದು ತುಂಬಿರಬೇಕಾದರೆ ಮೇಲೆ ಆಲಮಟ್ಟಿಯಿಂದ ಒಳಹರಿವು ಬರ್ತಾ ಇರಬೇಕು. ಒಳಹರಿವು ನಿಂತ ಮೇಲೆ ಗೇಟ್ ಎಷ್ಟೇ ಎತ್ತಿದರೂ ಅದು ಇದ್ದದ್ದನ್ನು ಖಾಲಿ ಮಾಡುವ ಕೆಲಸ. ಗಾಡಿಯಲ್ಲಿ ಆಲ್ಟರ್ನೇಟರ್ ಅಂದರೆ ಒಳಹರಿವು, ಬ್ಯಾಟರಿ ಅಂದರೆ ಜಲಾಶಯ. ಅಲ್ಲಿಂದ ಹಿಂದಿನ ಸೀಟಿನ ಕೆಳಗಿರುವ ಆಂಪ್‌ಗೆ ಹೋಗುವ ಕೇಬಲ್ ಅಂದರೆ ನಮ್ಮ ಎಡದಂಡೆ ಕಾಲುವೆ. ಆಂಪ್ ಅಂದರೆ ಕಾಲುವೆಯ ಕೊನೆ ಭಾಗದ ರೈತ.

ಕೊನೆ ಭಾಗದ ರೈತನ ಕಷ್ಟ ಗೊತ್ತಲ್ಲ? ಡ್ಯಾಂ ತುಂಬಿ ತುಳುಕ್ತಾ ಇರುತ್ತೆ, ಪೇಪರ್‌ನಲ್ಲಿ ಫೋಟೋ ಬರುತ್ತೆ, ಅವನ ಹೊಲಕ್ಕೆ ಮಾತ್ರ ನೀರು ತಲುಪಿರೋದಿಲ್ಲ. ದಾರಿಯಲ್ಲಿ ಹೂಳು, ಸೋರಿಕೆ, ಮೇಲ್ಭಾಗದಲ್ಲಿ ಭತ್ತಕ್ಕೆ ಹಿಡಿದ ನೀರು. ಗಾಡಿಯ ಕರೆಂಟಿಗೂ ಅದೇ ಗತಿ.

ಹೋದ ಸಲ ರಜೆಗೆ ಹೋದಾಗ ಕಾಕಾನ ಮಗ ತನ್ನ ಡೀಸೆಲ್ ಗಾಡಿ ತಂದು ನಿಲ್ಲಿಸಿದ. ನಾರಾಯಣಪುರ, ಕೊಡೇಕಲ್, ಹುಣಸಗಿ ಕಡೆ ಬಾಡಿಗೆ ಓಡಿಸುವ ಗಾಡಿ. ಮದುವೆ ಸೀಜನ್, ತಿಂಥಣಿ ಜಾತ್ರೆ, ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ, ಇವೇ ಅವನಿಗೆ ದುಡಿಮೆಯ ದಿನಗಳು. ಹಾಡು ಜೋರಿರುವ ಗಾಡಿಯನ್ನೇ ಹುಡುಗರು ಬಾಡಿಗೆಗೆ ಕೇಳ್ತಾರೆ, ಹಾಗಾಗಿ ಇದು ಅವನಿಗೆ ಶೋಕಿ ಅಲ್ಲ, ವ್ಯಾಪಾರ.

‘ಅಣ್ಣಾ, ಹಾಡು ಜೋರ್ ಮಾಡಿದ್ರ ಹೆಡ್‌ಲೈಟ್ ಕುಣಿಲಕತ್ತಾವ. ಬಾಸ್ ಬರೋಬರಿ ಬರವಲ್ದು, ನಡುನಡುವ ಸೌಂಡೇ ಬಂದ್ ಆಗ್ತದ. ಈ ಆಂಪ್ ಸಣ್ಣದಾತು ಅಂತ ಕಾಣ್ತದ. ದೊಡ್ಡದು ಹಾಕ್ಬೇಕಂತ ಮಾಡೀನಿ’ ಅಂದ.

‘ಈಗ ಇರೋದು ಎಷ್ಟು ವ್ಯಾಟ್‌ದು?’

‘ಎರಡು ಸಾವಿರ. ಡಬ್ಬಿ ಮ್ಯಾಲ ಬರದಾರ.’

ಡಬ್ಬಿ ಮೇಲಿನ ‘ಮ್ಯಾಕ್ಸ್’ ಸಂಖ್ಯೆಗೆ ಬೆಲೆ ಕೊಡಬೇಡಿ. ನೋಡಬೇಕಾದದ್ದು ಆರ್‌ಎಂಎಸ್ ಸಂಖ್ಯೆ, ಅಂದರೆ ಆಂಪ್ ನಿರಂತರವಾಗಿ ಕೊಡಬಲ್ಲ ಶಕ್ತಿ. ಅಮೆರಿಕದ ತಯಾರಕರು ಒಪ್ಪಿಕೊಂಡ ಸಿಇಎ-2006 ಎಂಬ ಮಾನದಂಡವೂ ಇದೆ. ಅದರಲ್ಲಿ 14.4 ವೋಲ್ಟ್ ಕೊಟ್ಟು, 4 ಓಮ್ ಹೊರೆಯ ಮೇಲೆ, 1%ಗಿಂತ ಹೆಚ್ಚು ವಿಕೃತಿ ಇಲ್ಲದಂತೆ ಅಳೆಯಬೇಕು. ಡಬ್ಬಿ ಮೇಲೆ ಆ ಹೆಸರಿದ್ದರೆ ಸಂಖ್ಯೆಯನ್ನು ಸ್ವಲ್ಪ ನಂಬಬಹುದು. ಇಲ್ಲದಿದ್ದರೆ ಇನ್ನೊಂದು ಉಪಾಯ ಇದೆ: ಆಂಪ್‌ನ ಮೈಮೇಲೇ ಸಿಕ್ಕಿಸಿರುವ ಫ್ಯೂಸ್‌ಗಳನ್ನು ನೋಡಿ.

ಇವನ ಆಂಪ್‌ನಲ್ಲಿ 30 ಆ್ಯಂಪಿಯರಿನ ಎರಡು ಫ್ಯೂಸ್. ಒಟ್ಟು 60. ಅದನ್ನು 13.8ರಿಂದ ಗುಣಿಸಿದರೆ 828 ವ್ಯಾಟ್. ಅದು ಕ್ಲಾಸ್ ಎಬಿ ಆಂಪ್, 60% ಹಿಡಿದರೆ ಹೊರಗೆ ಬರುವುದು ಹೆಚ್ಚೆಂದರೆ 500 ವ್ಯಾಟ್. ಡಬ್ಬಿ ಎರಡು ಸಾವಿರ ಅನ್ನಲಿ, ಐದು ಸಾವಿರ ಅನ್ನಲಿ, ಅದರಾಚೆ ಎಳೆದರೆ ಅದರದೇ ಫ್ಯೂಸ್ ಸುಟ್ಟುಹೋಗುತ್ತದೆ.

ಹಾಗಾದರೆ ಅವನ ಬಳಿ ಇರುವುದು 500 ವ್ಯಾಟ್‌ನ ಆಂಪ್. ಜೀಪಿನಷ್ಟು ಜಾಗಕ್ಕೆ 500 ವ್ಯಾಟ್ ಅಂದರೆ ಕಿವಿ ತುಂಬಿ ತುಳುಕಬೇಕು. ತುಳುಕುತ್ತಿಲ್ಲ ಅಂದರೆ ತೊಂದರೆ ಬೇರೆ ಕಡೆ ಇದೆ.

ಮ್ಯಾಟ್ ಎತ್ತಿ ನೋಡಿದರೆ ಬ್ಯಾಟರಿಯಿಂದ ಹಿಂದಕ್ಕೆ ಬಂದಿದ್ದು ಮನೆ ವೈರಿಂಗಿಗೆ ಹಾಕುವ 4 ಸ್ಕ್ವೇರ್ ಎಂಎಂ ವೈರ್. ಸೀಟಿನ ಕಬ್ಬಿಣದ ಕಾಲಿನ ಕೆಳಗೆ ಹಾದುಹೋಗಿತ್ತು, ಅಲ್ಲಿ ಮೇಲಿನ ಪ್ಲಾಸ್ಟಿಕ್ ಅರ್ಧ ಸವೆದಿತ್ತು. ಬ್ಯಾಟರಿ ಹತ್ತಿರ ಫ್ಯೂಸ್ ಹೋಲ್ಡರ್ ಇತ್ತು. ಒಳಗೆ ಫ್ಯೂಸ್ ಇರಲಿಲ್ಲ, ಅದರ ಜಾಗದಲ್ಲಿ ತಾಮ್ರದ ತಂತಿ ಸುತ್ತಿದ್ದರು. ‘ಫ್ಯೂಸ್ ಪದೇ ಪದೇ ಹೋಗ್ತಿತ್ತು, ಅದಕ್ಕ ಅಂಗಡ್ಯಾವ ಪರ್ಮನೆಂಟ್ ಮಾಡ್ಕೊಟ್ಟ’ ಅಂದ ತಮ್ಮ.

ಸೌಂಡ್ ವಿಚಾರ ಅಲ್ಲಿಗೆ ಪಕ್ಕಕ್ಕೆ ಹೋಯಿತು. ಲೆಡ್ ಆ್ಯಸಿಡ್ ಬ್ಯಾಟರಿ ಸ್ಟಾರ್ಟರ್ ಮೋಟಾರ್ ತಿರುಗಿಸಲು ನೂರಾರು ಆ್ಯಂಪಿಯರ್ ಕೊಡಬಲ್ಲದು. ಆ ಸವೆದ ವೈರ್ ಒಂದು ದಿನ ಸೀಟಿನ ಕಬ್ಬಿಣಕ್ಕೆ ತಾಗಿದರೆ ಅಷ್ಟೂ ಕರೆಂಟು ಅದರ ಮೂಲಕ ಬಾಡಿಗೆ ಹರಿಯುತ್ತದೆ. ವೈರ್ ಕೆಂಪಗೆ ಕಾಯುತ್ತದೆ, ಮೇಲಿನ ಪ್ಲಾಸ್ಟಿಕ್ ಉರಿಯುತ್ತದೆ, ಪಕ್ಕದಲ್ಲಿ ಸೀಟಿನ ಸ್ಪಂಜು. ಇಗ್ನಿಷನ್ ಕೀ ತೆಗೆದರೂ ಅದು ನಿಲ್ಲೋದಿಲ್ಲ, ಯಾಕೆಂದರೆ ಆಂಪ್‌ನ ಮುಖ್ಯ ವೈರ್ ನೇರ ಬ್ಯಾಟರಿಯಿಂದ ಬಂದಿರುತ್ತದೆ. ಗಾಡಿ ತುಂಬಾ ಜಾತ್ರೆಗೆ ಹೊರಟ ಹೆಂಗಸರು, ಮಕ್ಕಳು.

ಫ್ಯೂಸ್ ಇರುವುದು ಆಂಪ್ ಕಾಯಲಿಕ್ಕೆ ಅಂತ ಬಹಳ ಜನ ತಿಳಿದಿದ್ದಾರೆ. ಬ್ಯಾಟರಿ ಬಳಿಯ ಫ್ಯೂಸ್ ಕಾಯುವುದು ವೈರನ್ನು, ಆ ಮೂಲಕ ಗಾಡಿಯಲ್ಲಿ ಕೂತವರನ್ನು. ಅದಕ್ಕೇ ಅದು ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಬೇಕು. ಆಂಪ್ ಪಕ್ಕದಲ್ಲಿ ಹಾಕಿದರೆ ನಡುವಿನ ಐದು ಮೀಟರ್ ವೈರಿಗೆ ಯಾವ ಕಾವಲೂ ಇಲ್ಲ. ಫ್ಯೂಸಿನ ಬೆಲೆ ವೈರು ಹೊರಬಲ್ಲ ಕರೆಂಟಿಗಿಂತ ಹೆಚ್ಚಿರಬಾರದು. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ವೈರು ಸಣ್ಣದಾಗಿದೆ, ಇಲ್ಲವೇ ಎಲ್ಲೋ ತಾಗುತ್ತಿದೆ ಎಂದರ್ಥ. ಸಿಗರೇಟ್ ಪಾಕೀಟಿನ ಬೆಳ್ಳಿ ಹಾಳೆ ಸುತ್ತಿ ‘ಪರ್ಮನೆಂಟ್’ ಮಾಡಿಕೊಡುವವರ ಕೈಗೆ ಗಾಡಿ ಕೊಡಬೇಡಿ ಅಂತ ಮಾತ್ರ ನಾನು ಹೇಳಬಲ್ಲೆ.

ಮೊದಲು ಆ ತಂತಿ ಕಿತ್ತು, ಆ ವೈರಿಗೆ ತಕ್ಕ 30 ಆ್ಯಂಪಿಯರ್ ಫ್ಯೂಸ್ ಹಾಕಿದೆವು. ಹೇಳಬೇಕಾಗಿಲ್ಲ, ಬಾಸ್ ಜೋರು ಮಾಡಿದ ಕೂಡಲೇ ಅದು ಹೋಯಿತು. ಆಮೇಲೆ ವೈರ್ ಎಷ್ಟು ನುಂಗುತ್ತಿದೆ ಅಂತ ತೋರಿಸಲಿಕ್ಕೆ, ಸವೆದ ಜಾಗವನ್ನು ಕಬ್ಬಿಣದಿಂದ ದೂರ ಎಳೆದಿಟ್ಟು, ಗಾಡಿಯಲ್ಲಿ ಯಾರನ್ನೂ ಕೂರಿಸದೆ, 60ರ ಫ್ಯೂಸ್ ಹಾಕಿ ಅರ್ಧ ನಿಮಿಷದ ಪರೀಕ್ಷೆ ಮಾಡಿದೆವು. ಫೋನಿನಲ್ಲಿ 50 ಹರ್ಟ್ಜ್‌ನ ಒಂದೇ ಸಮನಾದ ಟೋನ್. ಹಾಡು ಹಾಕಿದರೆ ಮೀಟರಿನ ಅಂಕಿ ಕುಣಿಯುತ್ತಲೇ ಇರುತ್ತದೆ, ಓದಲು ಬರೋದಿಲ್ಲ. ಎಂಜಿನ್ ಸ್ವಲ್ಪ ರೇಸ್‌ನಲ್ಲಿ. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ 50 ಆ್ಯಂಪಿಯರ್ ತೋರಿಸಿತು. (ಮನೆ ವೈರಿಂಗಿನವರ ಬಳಿ ಇರುವ ಅಗ್ಗದ ಕ್ಲ್ಯಾಂಪ್ ಮೀಟರುಗಳು ಬಹಳಷ್ಟು ಎಸಿ ಮಾತ್ರ ಅಳೆಯುತ್ತವೆ, ನೋಡಿ ತನ್ನಿ.) ಬ್ಯಾಟರಿ ತುದಿಯಲ್ಲಿ 13.6 ವೋಲ್ಟ್. ಆಂಪ್‌ನ ತುದಿಯಲ್ಲಿ 11.7.

ಉಳಿದ 1.9 ವೋಲ್ಟ್ ದಾರಿಯಲ್ಲೇ ಹೋಯಿತು. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರಿಗೆ 0.0172 ಓಮ್ ಪ್ರತಿರೋಧ. ಐದು ಮೀಟರ್ ಉದ್ದ, 4 ಸ್ಕ್ವೇರ್ ಎಂಎಂ ಅಂದರೆ 0.0215 ಓಮ್. ಅದರಲ್ಲಿ 50 ಆ್ಯಂಪಿಯರ್ ಹರಿದರೆ ವೈರ್ ಒಂದೇ 1.07 ವೋಲ್ಟ್ ನುಂಗುತ್ತದೆ. ಉಳಿದದ್ದು ಫ್ಯೂಸ್ ಹೋಲ್ಡರು ಮತ್ತು ಅರ್ಥ್ ವೈರಿನ ಪಾಲು. 1.9 ವೋಲ್ಟ್ ಗುಣಿಸು 50 ಆ್ಯಂಪಿಯರ್, ಅಂದರೆ 95 ವ್ಯಾಟ್ ಬರೀ ಬಿಸಿ. ಹಳೇ ಕಾಲದ ನೂರರ ಹಳದಿ ಬಲ್ಬನ್ನು ಮ್ಯಾಟಿನ ಕೆಳಗೆ ಹಚ್ಚಿಟ್ಟ ಹಾಗೆ. ಬೇಸಿಗೆಯಲ್ಲಿ ಯಾದಗಿರಿ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಮುಚ್ಚಿದ ಗಾಡಿಯೊಳಗೆ ಇನ್ನೂ ಹೆಚ್ಚು. ಸಾಮಾನ್ಯ ಪಿವಿಸಿ ವೈರ್ ತಾಳುವುದು 70 ಡಿಗ್ರಿ.

ಬಾಸ್ ಯಾಕೆ ಬರ್ತಿರಲಿಲ್ಲ, ಸೌಂಡ್ ನಡುವೆ ಯಾಕೆ ಬಂದ್ ಆಗ್ತಿತ್ತು ಅನ್ನೋದೂ ಇದರಿಂದಲೇ ಗೊತ್ತಾಯಿತು. ಬಹಳಷ್ಟು ಆಂಪ್‌ಗಳಲ್ಲಿ ಒಳಗೆ ಬರುವ ವೋಲ್ಟ್ ಇಳಿದರೆ ಹೊರಗಿನ ಶಕ್ತಿ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 14.4ರಲ್ಲಿ 500 ವ್ಯಾಟ್ ಕೊಡುವುದು 11.7ರಲ್ಲಿ 330 ಕೊಡುತ್ತದೆ. ಇನ್ನೂ ಇಳಿದರೆ ಆಂಪ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ಆಫ್ ಆಗುತ್ತದೆ. ಕಮ್ಮಿ ವೋಲ್ಟಿನಲ್ಲಿ ವಾಲ್ಯೂಮ್ ಏರಿಸುತ್ತಾ ಹೋದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಅದನ್ನೇ ಕ್ಲಿಪ್ಪಿಂಗ್ ಅನ್ನುವುದು. ಊಫರಿನ ಕಾಯಿಲ್ ಸುಡುವುದು ಹೆಚ್ಚಾಗಿ ಹೀಗೆ. ‘ಇಷ್ಟು ಸಣ್ಣ ಆಂಪ್‌ಗೆ ಸ್ಪೀಕರ್ ಹೆಂಗ ಸುಟ್ಟಿತು’ ಅಂತ ಆಮೇಲೆ ತಲೆ ಕೆರಕೊಳ್ಳುತ್ತಾರೆ.

ಅವನು ದೊಡ್ಡ ಆಂಪ್ ಹಾಕಿದ್ದರೆ ಏನಾಗುತ್ತಿತ್ತು? ಅದೇ ವೈರಿನಲ್ಲಿ ಇನ್ನೂ ಹೆಚ್ಚು ಎಳೆಯುತ್ತಿತ್ತು. ಕೊನೆ ಭಾಗದ ಹೊಲದಲ್ಲಿ ಇನ್ನೊಂದು ಮೋಟಾರ್ ಕೂರಿಸಿದರೆ ಕಾಲುವೆಯಲ್ಲಿ ನೀರು ಜಾಸ್ತಿ ಆಗುತ್ತದೆಯೇ?

‘ಕೆಪಾಸಿಟರ್ ಹಾಕ್ರಿ, ಲೈಟ್ ಕುಣಿಯೋದು ನಿಲ್ತದ ಅಂದಾನ ಅಂಗಡ್ಯಾವ’ ಅಂತ ತಮ್ಮ ಇನ್ನೊಂದು ದಾರಿ ಹೇಳಿದ. ಉರುಟಾದ, ನೀಲಿ ಅಂಕಿ ಹೊಳೆಯುವ ಒಂದು ಫ್ಯಾರಡ್ ಕೆಪಾಸಿಟರುಗಳನ್ನು ನೀವೂ ನೋಡಿರುತ್ತೀರಿ. ನೋಡಲು ಚೆಂದ. ಆದರೆ 14.4ರಿಂದ 12 ವೋಲ್ಟಿಗೆ ಇಳಿಯುವಷ್ಟರಲ್ಲಿ ಅದು ಕೊಡುವ ಶಕ್ತಿ ಸುಮಾರು 32 ಜೂಲ್. 1250 ವ್ಯಾಟ್ ಎಳೆಯುವ ಆಂಪ್‌ಗೆ ಅದು ಒಂದು ಸೆಕೆಂಡಿನ ನಲವತ್ತನೇ ಒಂದು ಭಾಗಕ್ಕೆ ಸಾಕು. ಒಂದು ಡೋಲಿನ ಪೆಟ್ಟು ಕೂಡ ಅದಕ್ಕಿಂತ ಉದ್ದ ಇರುತ್ತದೆ. ಖಾಲಿಯಾದ ಮೇಲೆ ಅದನ್ನು ಮತ್ತೆ ತುಂಬಬೇಕಾದದ್ದೂ ಅದೇ ಆಲ್ಟರ್ನೇಟರ್, ಅದೇ ವೈರ್. ಆ ದುಡ್ಡಿನಲ್ಲಿ ಒಳ್ಳೆ ಕೇಬಲ್ ಬರುತ್ತದೆ.

ಒಳ್ಳೆ ಕೇಬಲ್ ಸುರಪುರಕ್ಕೋ ಕಲಬುರಗಿಗೋ ಹೋಗಿ ಕಾರ್ ಆಡಿಯೋ ಅಂಗಡಿಯಲ್ಲೇ ತರಬೇಕೆಂದಿಲ್ಲ. ‘4 ಗೇಜ್’, ‘0 ಗೇಜ್’ ಅಂತ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಮಾರುವ ಕಿಟ್‌ಗಳಲ್ಲಿ ಬಹಳಷ್ಟು ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟವು. ಅದೇ ದಪ್ಪದ ಅಸಲಿ ತಾಮ್ರಕ್ಕಿಂತ ಅವುಗಳ ಪ್ರತಿರೋಧ ಸುಮಾರು ಒಂದೂವರೆ ಪಟ್ಟು. ಕೆಲವದರಲ್ಲಿ ಪ್ಲಾಸ್ಟಿಕ್ಕೇ ದಪ್ಪ, ಒಳಗಿನ ತಂತಿ ತೆಳ್ಳಗೆ. ನಾವು ತಂದದ್ದು ವೆಲ್ಡಿಂಗ್ ಕೇಬಲ್. ರೆಂಟೆ-ಕುಂಟೆ ವೆಲ್ಡಿಂಗ್ ಮಾಡುವ ಅಂಗಡಿ ಇರುವ ಊರಿನಲ್ಲೆಲ್ಲ ಅದು ಸಿಗುತ್ತದೆ, ಸ್ಕ್ವೇರ್ ಎಂಎಂ ಲೆಕ್ಕದಲ್ಲೇ ಕೊಡುತ್ತಾರೆ, ಸಣ್ಣ ಸಣ್ಣ ಎಳೆಗಳಿರುವುದರಿಂದ ಬೇಕಾದಂತೆ ಬಾಗುತ್ತದೆ. ಅದರಲ್ಲೂ ಅಲ್ಯೂಮಿನಿಯಂ ಇದೆ, ಹುಷಾರು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ತಾಮ್ರ ಅಲ್ಲ. ಕೈಯಲ್ಲಿ ಹಿಡಿದರೂ ಗೊತ್ತಾಗುತ್ತದೆ, ತಾಮ್ರ ಅಲ್ಯೂಮಿನಿಯಂಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ.

25 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಎಳೆದೆವು. ಬಾನೆಟ್ ಕಡೆಯಿಂದ ಒಳಗೆ ಬರುವ ತಗಡಿನ ತೂತಿಗೆ ರಬ್ಬರ್ ಗ್ರೊಮೆಟ್, ಇಡೀ ದಾರಿಗೆ ಹೊರಗಿನಿಂದ ಫ್ಲೆಕ್ಸಿಬಲ್ ಪೈಪ್, ಸೀಟಿನ ಕಾಲಿನಿಂದ ದೂರ. ಬ್ಯಾಟರಿಯಿಂದ ಒಂದಡಿಗೆ 60 ಆ್ಯಂಪಿಯರ್ ಫ್ಯೂಸ್. ಕೇಬಲಿನ ತುದಿಗಳಿಗೆ ಲಗ್ ಹಾಕಿ ಒತ್ತುಯಂತ್ರದಲ್ಲಿ ಗಟ್ಟಿ ಒತ್ತಿಸಿದೆವು. ಸುತ್ತಿಗೆಯಿಂದ ಜಜ್ಜಿ ಕೂರಿಸಿದ ಲಗ್ ನಾಲ್ಕು ದಿನಕ್ಕೆ ಸಡಿಲಾಗುತ್ತದೆ.

ಅರ್ಥ್ ವಿಷಯಕ್ಕೆ ಯಾರೂ ಗಮನ ಕೊಡುವುದಿಲ್ಲ. ಪ್ಲಸ್ ವೈರಿಗೆ ಸಾವಿರಾರು ರೂಪಾಯಿ ಸುರಿದು, ಮೈನಸ್ ಅನ್ನು ಸೀಟ್ ಬೆಲ್ಟಿನ ಬೋಲ್ಟಿಗೋ ಬಣ್ಣದ ಮೇಲೋ ಸ್ಕ್ರೂ ಹೊಡೆದು ಬಿಡುತ್ತಾರೆ. ಪ್ಲಸ್‌ನಲ್ಲಿ ಹೋದ ಅಷ್ಟೂ ಕರೆಂಟು ಮೈನಸ್‌ನಲ್ಲಿ ವಾಪಸ್ ಬರಬೇಕು. ಪ್ಲಸ್ ಎಷ್ಟು ದಪ್ಪವೋ ಮೈನಸ್ಸೂ ಅಷ್ಟೇ ದಪ್ಪ ಇರಲಿ, ಒಂದೂವರೆ ಅಡಿಗಿಂತ ಉದ್ದ ಬೇಡ, ಚಾಸಿಯ ಗಟ್ಟಿ ಕಬ್ಬಿಣದ ಮೇಲಿನ ಬಣ್ಣ ಪೂರ್ತಿ ಕೆರೆದು ಹಲ್ಲಿನ ವಾಷರ್ ಹಾಕಿ ಬಿಗಿಯಬೇಕು. ಸೀಟ್ ಬೆಲ್ಟಿನ ಬೋಲ್ಟನ್ನು ಮುಟ್ಟಲೇಬಾರದು, ಅದರ ಕೆಲಸವೇ ಬೇರೆ. ಬ್ಯಾಟರಿ ಮೈನಸ್‌ನಿಂದ ಬಾಡಿಗೆ ಮತ್ತು ಎಂಜಿನ್ನಿನಿಂದ ಬಾಡಿಗೆ ಇರುವ ಕಂಪನಿಯ ಪಟ್ಟಿಗಳು ಹಳೇ ಗಾಡಿಗಳಲ್ಲಿ ತುಕ್ಕು ಹಿಡಿದಿರುತ್ತವೆ. ನಾವು ಅವೆರಡರ ಜೊತೆಗೆ, ಆಲ್ಟರ್ನೇಟರಿನಿಂದ ಬ್ಯಾಟರಿ ಪ್ಲಸ್‌ಗೂ ಫ್ಯೂಸ್ ಸಹಿತ ಒಂದೊಂದು ದಪ್ಪ ಕೇಬಲ್ ಸೇರಿಸಿದೆವು. ಎಂಜಿನ್ ರೇಸ್ ಆದ ಹಾಗೆ ಸ್ಪೀಕರಿನಲ್ಲಿ ‘ಕುಂಯ್’ ಅಂತ ಏರುವ ಸದ್ದಿಗೆ ಕಾರಣ ಕೂಡ ಬಹಳ ಸಲ ಕೆಟ್ಟ ಅರ್ಥೇ.

ಮತ್ತೆ ಅದೇ ಟೋನ್, ಅದೇ ಮೀಟರ್. ಬ್ಯಾಟರಿಯಲ್ಲಿ 13.6, ಆಂಪ್‌ನಲ್ಲಿ 13.3.

ತಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ ಹೊಸ ಆಂಪಿನ ದುಡ್ಡು ಉಳಿಯಿತು ಅಂತ ಸಂಜೆ ಎಲ್ಲರಿಗೂ ಮಿರ್ಚಿ ಭಜಿ ಕೊಡಿಸಿದ. ಆದರೆ ಲೆಕ್ಕ ಸರಿಯಾಗಿ ಹೇಳಬೇಕು. 11.7ರಿಂದ 13.3 ಅಂದರೆ ಶಕ್ತಿ ಸುಮಾರು 30% ಹೆಚ್ಚು, ಡೆಸಿಬೆಲ್ ಲೆಕ್ಕದಲ್ಲಿ ಒಂದು ಚಿಲ್ಲರೆ ಅಷ್ಟೆ. ಕಿವಿಗೆ ಅದು ‘ಜೋರಾಯ್ತು’ ಅನ್ನಿಸುವಷ್ಟಿಲ್ಲ. ಬದಲಾದದ್ದು ಬಾಸಿನ ಸ್ವಚ್ಛತೆ, ನಡುವೆ ಬಂದ್ ಆಗುವುದು ನಿಂತದ್ದು, ವೈರ್ ತಣ್ಣಗಿರುವುದು. ನಿಜವಾಗಿ ಜೋರು ಬೇಕೆಂದರೆ ವ್ಯಾಟ್ ಹಿಂದೆ ಓಡುವುದು ದುಬಾರಿ ದಾರಿ. ವ್ಯಾಟ್ ದುಪ್ಪಟ್ಟು ಮಾಡಿದರೆ 3 ಡೆಸಿಬೆಲ್ ಸಿಗುತ್ತದೆ. ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಅದರ ಬದಲು 88 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರ್ ತೆಗೆದು 91ರದ್ದು ಹಾಕಿದರೆ ಅದೇ ಆಂಪ್‌ನಲ್ಲಿ ಅದೇ 3 ಡೆಸಿಬೆಲ್ ಬರುತ್ತದೆ, ಬ್ಯಾಟರಿಯಿಂದ ಒಂದು ಆ್ಯಂಪಿಯರೂ ಹೆಚ್ಚಿಗೆ ಎಳೆಯದೆ.

ಕೇಬಲ್ ಸರಿಯಾಯಿತು. ಒಳಹರಿವಿನ ಮಾತು ಇನ್ನೂ ಇದೆ. ಅವನ ಗಾಡಿಯ ಆಲ್ಟರ್ನೇಟರ್ ಪಟ್ಟಿಯಲ್ಲಿ 75 ಆ್ಯಂಪಿಯರ್ ಅಂತ ಇದೆ. ಅದು ಎಂಜಿನ್ ವೇಗವಾಗಿ ತಿರುಗುವಾಗಿನ ಮಾತು. ಐಡಲ್‌ನಲ್ಲಿ, ಕಾದ ಎಂಜಿನ್ ಪಕ್ಕದಲ್ಲಿ, ಅದರ ಅರ್ಧ ಸಿಕ್ಕರೆ ಹೆಚ್ಚು. ರಾತ್ರಿ ಹೆಡ್‌ಲೈಟ್, ಬ್ಲೋವರ್, ಚಾರ್ಜಿಂಗ್ ಸೇರಿ ಗಾಡಿಯ ಸ್ವಂತ ಖರ್ಚೇ 25ರಿಂದ 30 ಆ್ಯಂಪಿಯರ್. ಓಡುವಾಗ ಆಂಪ್‌ಗೆ 45ರಷ್ಟು ಉಳಿಯುತ್ತದೆ, ನಿಂತಾಗ 10 ಸಿಕ್ಕರೆ ಪುಣ್ಯ.

ಸಮಾಧಾನದ ವಿಷಯ ಏನೆಂದರೆ ಹಾಡು ಟೋನ್ ಅಲ್ಲ. ಸಾಮಾನ್ಯ ಸಿನಿಮಾ ಹಾಡಿನಲ್ಲಿ ಆಂಪ್ ಸರಾಸರಿ ಎಳೆಯುವುದು ತನ್ನ ಗರಿಷ್ಠದ ಮೂರನೇ ಒಂದು ಭಾಗ ಅಥವಾ ಇನ್ನೂ ಕಮ್ಮಿ. ಪೆಟ್ಟು ಬಿದ್ದ ಕ್ಷಣಕ್ಕೆ ಬ್ಯಾಟರಿ ಕೈ ಕೊಡಿಸುತ್ತದೆ, ಪೆಟ್ಟಿನ ನಡುವೆ ಆಲ್ಟರ್ನೇಟರ್ ತುಂಬುತ್ತದೆ. ಆದರೆ ಡಿಜೆ ರೀಮಿಕ್ಸ್‌ಗಳಲ್ಲಿ ಬಾಸ್ ಬಿಡುವಿಲ್ಲದೆ ಬರುತ್ತದೆ, ಅಲ್ಲಿ ಸರಾಸರಿಯೇ ಏರಿಬಿಡುತ್ತದೆ. ಮೆರವಣಿಗೆಯಲ್ಲಿ ಆಮೆ ವೇಗದಲ್ಲಿ ಸಾಗುತ್ತಾ, ಇಲ್ಲವೇ ಜಾತ್ರೆ ಮಾಳದಲ್ಲಿ ನಿಂತು, ಎಂಜಿನ್ ಐಡಲ್‌ನಲ್ಲಿಟ್ಟು, ರೀಮಿಕ್ಸ್ ಫುಲ್ ವಾಲ್ಯೂಮ್: ಗಾಡಿಗೆ ಇದಕ್ಕಿಂತ ಕೆಟ್ಟ ಕಾಲ ಇಲ್ಲ.

ಎಂಜಿನ್ ಆರಿಸಿ ಹಾಕಿದರೆ? 75 ಆ್ಯಂಪಿಯರ್-ಅವರ್ ಬ್ಯಾಟರಿಯಿಂದ ಸರಾಸರಿ 25 ಆ್ಯಂಪಿಯರ್ ಎಳೆದರೆ ಒಂದೂವರೆ ಗಂಟೆಗೆ ಅರ್ಧ ಖಾಲಿ. ಸಣ್ಣ ಕಾರಿನ 35ರ ಬ್ಯಾಟರಿ ಆದರೆ ನಲವತ್ತು ನಿಮಿಷ. ಅರ್ಧಕ್ಕಿಂತ ಕೆಳಗೆ ಹೋದರೆ ಡೀಸೆಲ್ ಎಂಜಿನ್ ತಿರುಗಿಸುವುದು ಕಷ್ಟ, ಸ್ಟಾರ್ಟಿಂಗ್ ಬ್ಯಾಟರಿಗಳು ಪದೇ ಪದೇ ಹೀಗೆ ಖಾಲಿಯಾದರೆ ಆಯುಷ್ಯವೂ ಕಳಕೊಳ್ಳುತ್ತವೆ. ಹಾಡು ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಅಳೆದಾಗ 12.6 ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ. ಅಲ್ಲಿಗೆ ನಿಲ್ಲಿಸಬೇಕು. ಸಿಗರೇಟ್ ಲೈಟರ್ ಜಾಗಕ್ಕೆ ಸಿಕ್ಕಿಸುವ ಸಣ್ಣ ವೋಲ್ಟ್ ಮೀಟರ್ ಬರುತ್ತದೆ, ನೂರಾರು ರೂಪಾಯಿಯ ವಸ್ತು, ತಮ್ಮನ ಗಾಡಿಗೆ ನಾನು ಕೊಡಿಸಿದ್ದು ಅದೊಂದೇ.

ಎರಡನೇ ಬ್ಯಾಟರಿ ಹಾಕುವವರೂ ಇದ್ದಾರೆ. ಎಂಜಿನ್ ಆರಿಸಿ ಹೆಚ್ಚು ಹೊತ್ತು ಕೇಳಬೇಕೆಂದರೆ ಅದು ಸರಿ, ನಡುವೆ ಐಸೊಲೇಟರ್ ರಿಲೇ ಇರಲಿ, ಆಗ ಹಾಡಿನ ಬ್ಯಾಟರಿ ಖಾಲಿಯಾದರೂ ಸ್ಟಾರ್ಟಿಂಗ್ ಬ್ಯಾಟರಿ ಉಳಿಯುತ್ತದೆ. ಆದರೆ ಇನ್ನೊಂದು ಡ್ಯಾಂ ಕಟ್ಟಿದರೆ ನದಿಯಲ್ಲಿ ನೀರು ಹೆಚ್ಚಾಗುವುದಿಲ್ಲ, ಎರಡನ್ನೂ ತುಂಬಬೇಕಾದದ್ದು ಅದೇ 75 ಆ್ಯಂಪಿಯರ್. ನಿಂತ ಜಾಗದಲ್ಲೇ ಮೂರು ತಾಸು ಹಾಡು ಬೇಕಾದರೆ ಗಾಡಿಯ ಬ್ಯಾಟರಿಯನ್ನು ಹಿಂಸಿಸುವ ಬದಲು ಒಂದು ಸಣ್ಣ ಜನರೇಟರ್, 230 ವೋಲ್ಟಿನ ಮಾಮೂಲಿ ಆಂಪ್ ಬಾಡಿಗೆಗೆ ತರುವುದು ಅಗ್ಗ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಅಂತ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿದೆ, ಅದು ಜನರೇಟರಿಗೂ ಗಾಡಿಗೂ ಒಂದೇ.

ಬೆಂಗಳೂರಿನ ಗೆಳೆಯರಿಗೆ ಒಂದೆರಡು ಮಾತು ಬೇರೆ ಇವೆ. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗುವ ಹೊಸ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ಮೇಲೆ ಕರೆಂಟ್ ಅಳೆಯುವ ಸೆನ್ಸರ್ ಕೂತಿರುತ್ತದೆ. ಆಂಪ್‌ನ ಮೈನಸ್ಸನ್ನು ನೇರ ಬ್ಯಾಟರಿ ತುದಿಗೆ ಕೊಟ್ಟರೆ ಆ ಸೆನ್ಸರಿಗೆ ಲೆಕ್ಕ ತಪ್ಪುತ್ತದೆ, ಬಾಡಿಗೇ ಕೊಡಿ. ಇಲೆಕ್ಟ್ರಿಕ್ ಕಾರಿನಲ್ಲಿ ಆಲ್ಟರ್ನೇಟರೇ ಇಲ್ಲ, ದೊಡ್ಡ ಬ್ಯಾಟರಿಯಿಂದ 12 ವೋಲ್ಟ್ ಮಾಡಿಕೊಡುವ ಕನ್ವರ್ಟರ್ ಇರುತ್ತದೆ, ಅದಕ್ಕೂ ಒಂದು ಮಿತಿ ಇದೆ. ಅಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ಹಿಂದಕ್ಕೆ ತೆಗೆಯಿರಿ. ಮತ್ತೆ, ವಾರಂಟಿ ಇರುವ ಗಾಡಿಯ ವೈರ್ ಕತ್ತರಿಸುವ ಮೊದಲು ವಾರಂಟಿ ಪುಸ್ತಕವನ್ನೂ ವಿಮೆಯ ಷರತ್ತನ್ನೂ ಓದಿ. ಬೆಂಕಿ ಬಿದ್ದ ಗಾಡಿಯ ಸರ್ವೆಗೆ ಬರುವವರು ಮೊದಲು ನೋಡುವುದರಲ್ಲಿ ಹೊರಗಿನಿಂದ ಸೇರಿಸಿದ ವೈರಿಂಗ್ ಒಂದು.

ಈಗಾಗಲೇ ಆಂಪ್ ಹಾಕಿಸಿದ್ದರೆ ಈ ಭಾನುವಾರ ಹತ್ತು ನಿಮಿಷ ತೆಗೆಯಿರಿ. ಬಾನೆಟ್ ಎತ್ತಿ, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇದೆಯೇ, ಒಳಗಿರುವುದು ಫ್ಯೂಸೇ ತಾನೇ ನೋಡಿ. ಎಂಜಿನ್ ಓಡಿಸಿ, ನೀವು ಕೇಳುವಷ್ಟೇ ಜೋರಾಗಿ ಹತ್ತು ನಿಮಿಷ ಹಾಡು ಹಾಕಿ. ಆಮೇಲೆ ಹಾಡು ಮತ್ತು ಎಂಜಿನ್ ಆರಿಸಿ, ಕೇಬಲ್, ಫ್ಯೂಸ್ ಹೋಲ್ಡರ್, ಅರ್ಥ್ ಬೋಲ್ಟ್ ಒಂದೊಂದನ್ನೂ ಹುಷಾರಾಗಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲು ಆಗದಷ್ಟು ಬಿಸಿಯಿದ್ದರೆ ಅದನ್ನು ಸರಿ ಮಾಡಿಸುವವರೆಗೆ ಆಂಪ್‌ನ ಫ್ಯೂಸ್ ಕಿತ್ತಿಡಿ. ಹೊಸದಾಗಿ ಮಾಡಿಸಿದವರು ತಿಂಗಳಾದ ಮೇಲೆ ಎಲ್ಲ ಬೋಲ್ಟನ್ನೂ ಇನ್ನೊಮ್ಮೆ ಬಿಗಿ ಮಾಡಿಸಿ. ನಮ್ಮ ಹುಣಸಗಿ ರಸ್ತೆಯಂಥ ರಸ್ತೆಗಳಲ್ಲಿ ಓಡಾಡುವವರು ಹದಿನೈದು ದಿನಕ್ಕೇ ಮಾಡಿಸಿ.